ಜಿಸಿಸಿ: ವರ್ಷಾವರ್ಷ ಹೆಂಚು ಕೈಯಾಡಿಸಿದ ಕಥೆ

ಈ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯಿತು. "ಏನ್ರೀ, ಬ್ಲಾಗಿಗೆ ಬೀಗ ಜಡಿದು ಹೋದ್ರಾ?" ಅಂತ ಇಬ್ಬರು ಬ್ಲಾಗ್ ಮಿತ್ರರು ಕೇಳಿದ್ದಾರೆ. ಬೀಗ ಹಾಕಿಲ್ಲ ಮಾರಾಯ್ರೆ, ಮನಸ್ಸು ಸ್ವಲ್ಪ ಮುದುಡಿಕೊಂಡಿತ್ತು ಅಷ್ಟೆ. ಆಫೀಸಿನಲ್ಲಿ ನನ್ನನ್ನು ಹೊಸ ಪ್ರಾಜೆಕ್ಟಿನಿಂದ ಎತ್ತಿ ಒಂದು ಹಳೇ ಪ್ರಾಜೆಕ್ಟಿನ ಮೇಂಟೆನೆನ್ಸಿಗೆ ಹಾಕಿದರು. ಸಾಫ್ಟ್‌ವೇರ್ ಮಂದಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಮದುವೆ ಮನೆಯಲ್ಲಿ ಹುಡುಗಿ ಕಡೆಯವರು "ಏನು ಕೆಲಸ?" ಅಂತ ಕೇಳಿದಾಗ "ಡೆವಲಪ್‌ಮೆಂಟ್" ಅಂದರೆ ಕಾಫಿ ಬರುತ್ತದೆ, "ಮೇಂಟೆನೆನ್ಸ್" ಅಂದರೆ ಬರೀ ನೀರು ಬರುತ್ತದೆ :-) ಅಮ್ಮನಿಗೆ ಫೋನಿನಲ್ಲಿ ವಿಷಯ ಹೇಳಿದರೆ, "ಅಂದ್ರೆ ಕಂಪ್ಯೂಟರ್ ಒರೆಸಿಡೋದಾ ಮಗಾ?" ಅಂದಳು.

ಆ ಬೇಜಾರಿನಲ್ಲಿ ಒಂದು ರಾತ್ರಿ, ನಾನು ದಿನಾ ಬಳಸುವ ಜಿಸಿಸಿ ಅನ್ನುವ ಕಂಪೈಲರಿನ ಚರಿತ್ರೆ ಓದುತ್ತಾ ಕೂತೆ. ಬೆಳಗಿನ ಜಾವ ಮೂರಾಯಿತು. ಸುಮಾರು ನಾಲ್ಕು ದಶಕದ ಇತಿಹಾಸ, ಅದರಲ್ಲಿ ಮೊದಲ ಎರಡು-ಮೂರು ವರ್ಷ ಬಿಟ್ಟರೆ ಮಿಕ್ಕಿದ್ದೆಲ್ಲ ಮೇಂಟೆನೆನ್ಸೇ! ಅದನ್ನು ನಿಮಗೂ ಹೇಳೋಣ ಅನ್ನಿಸಿತು. ಕಂಪ್ಯೂಟರ್ ಗೊತ್ತಿಲ್ಲದವರೂ ಓದಬಹುದು, ಜಗಳಗಳು ಸಾಕಷ್ಟಿವೆ.

ಕಂಪೈಲರ್ ಅಂದರೆ ನಾವು ಬರೆದ ಪ್ರೋಗ್ರಾಮನ್ನು ಪ್ರೊಸೆಸರಿಗೆ ಅರ್ಥವಾಗುವ ಸೂಚನೆಗಳಾಗಿ ಬದಲಿಸಿ ಕೊಡುವ ಇನ್ನೊಂದು ಪ್ರೋಗ್ರಾಮು. ಪಿಯುಸಿಯಲ್ಲಿ ನಮಗೆ ಸಿಕ್ಕಿದ್ದು ನೀಲಿ ಪರದೆಯ ಟರ್ಬೋ ಸಿ ಪ್ಲಸ್ ಪ್ಲಸ್. ನಾವು ಹುಟ್ಟುವ ಮೊದಲೇ, 1990ರ ದಶಕದ ಆರಂಭದಲ್ಲಿ, ಬೋರ್‌ಲ್ಯಾಂಡ್ ಕಂಪನಿ ಹೊರತಂದಿದ್ದು. ಮುಂದೆ ಇಂಜಿನಿಯರಿಂಗ್ ಲ್ಯಾಬಿನಲ್ಲಿ ಲಿನಕ್ಸೂ ಜಿಸಿಸಿಯೂ ಎದುರಾದಾಗ, ಟರ್ಬೋ ಸಿಯಲ್ಲಿ ನಡೆಯುತ್ತಿದ್ದ ಪ್ರೋಗ್ರಾಮು ಇಲ್ಲಿ ನಡೆಯಲೊಲ್ಲದು. ಪರದೆ ಒರೆಸುವ ಕ್ಲಿಯರ್ ಸ್ಕ್ರೀನ್ ಇಲ್ಲ, "ವಾಯ್ಡ್ ಮೇನ್" ಅಂದರೆ ಗದರುತ್ತದೆ. "ಈ ಜಿಸಿಸಿ ಸರಿಯಿಲ್ಲ ಕಣೋ" ಅಂತ ಇಡೀ ಬ್ಯಾಚು ತೀರ್ಪು ಕೊಟ್ಟಿತ್ತು. ಒಂದು ಕಂಪೈಲರನ್ನು ಜನ ಕೈಬಿಟ್ಟಿದ್ದರು, ಇನ್ನೊಂದನ್ನು ಬಿಟ್ಟಿರಲಿಲ್ಲ, ವ್ಯತ್ಯಾಸ ಇದ್ದದ್ದು ಅಲ್ಲಿ ಅನ್ನೋದು ಹೊಳೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಸರಿ, ಕಥೆಗೆ ಬರೋಣ.

ರಿಚರ್ಡ್ ಸ್ಟಾಲ್‌ಮನ್ 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ಪೂರ್ತಿ ಆಪರೇಟಿಂಗ್ ಸಿಸ್ಟಮ್ ಕಟ್ಟುವುದು ಅವನ ಹಟ. ಅದಕ್ಕೆ ಮೊದಲು ಕಂಪೈಲರ್ ಬೇಕು. ಆಮ್‌ಸ್ಟರ್‌ಡ್ಯಾಮಿನ "ಫ್ರೀ ಯೂನಿವರ್ಸಿಟಿ"ಯಲ್ಲಿ ಒಂದು ಕಂಪೈಲರ್ ಇದೆ ಅಂತ ತಿಳಿದು, ಬರೆದವರಿಗೆ ಪತ್ರ ಹಾಕಿದ. ಉತ್ತರ ಬಂತು: ಯೂನಿವರ್ಸಿಟಿಯೇನೋ ಫ್ರೀ, ಆದರೆ ಕಂಪೈಲರ್ ಫ್ರೀ ಅಲ್ಲ! (ಅಲ್ಲಿದ್ದದ್ದು ಆಂಡ್ರೂ ಟ್ಯಾನೆನ್‌ಬಾಮ್. ನಮ್ಮ ಆಪರೇಟಿಂಗ್ ಸಿಸ್ಟಮ್ಸ್ ಪಠ್ಯಪುಸ್ತಕದ ಅದೇ ಟ್ಯಾನೆನ್‌ಬಾಮ್.)

ಆಮೇಲೆ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ "ಪ್ಯಾಸ್ಟೆಲ್" ಎಂಬ ಕಂಪೈಲರ್ ಸಿಕ್ಕಿತು. ಸ್ಟಾಲ್‌ಮನ್ ಅದಕ್ಕೆ ಸಿ ಭಾಷೆಯನ್ನು ಓದುವ ಮುಂಭಾಗ ಬರೆದು ಜೋಡಿಸಿದ. ಆಮೇಲೆ ನೋಡಿದರೆ ಆ ಪುಣ್ಯಾತ್ಮ ಕಂಪೈಲರಿಗೆ ಹಲವು ಮೆಗಾಬೈಟುಗಳಷ್ಟು ಸ್ಟ್ಯಾಕ್ ಜಾಗ ಬೇಕು, ಇವನ ಹತ್ತಿರವಿದ್ದ ಮೋಟೊರೋಲಾ 68000 ಯಂತ್ರದ ಯುನಿಕ್ಸ್ ಕೊಡುತ್ತಿದ್ದದ್ದು 64 ಕಿಲೋಬೈಟು. ಬಿಟ್ಟುಬಿಟ್ಟ. ಬುಡದಿಂದ ಹೊಸದು ಬರೆಯಲು ಕೂತ. ಪ್ಯಾಸ್ಟೆಲ್‌ಗೆಂದು ಬರೆದಿದ್ದ ಆ ಸಿ ಮುಂಭಾಗವನ್ನು ಮಾತ್ರ ಉಳಿಸಿಕೊಂಡ. 1987ರ ಮಾರ್ಚ್ 22ರಂದು ಜಿಸಿಸಿಯ ಮೊದಲ ಬೀಟಾ ಹೊರಬಂತು. ಆಗ ಹೆಸರಿನ ಅರ್ಥ "ಗ್ನೂ ಸಿ ಕಂಪೈಲರ್" ಅಂತ. ನನಗಿಂತ ಸುಮಾರು ಹತ್ತು ವರ್ಷ ದೊಡ್ಡದು, ಅಣ್ಣ ಅನ್ನಬಹುದು.

ಇಲ್ಲೊಂದು ತಮಾಷೆ ಹೇಳಲೇಬೇಕು. ಕಂಪೈಲರನ್ನು ಕಂಪೈಲ್ ಮಾಡುವವರು ಯಾರು? ಮೊಸರಾಗಲು ಹಾಲಿಗೆ ಹೆಪ್ಪು ಬೇಕು, ಹೆಪ್ಪು ಅಂದರೆ ನಿನ್ನೆಯ ಮೊಸರು. ಜಿಸಿಸಿಯೂ ಹಾಗೇ. ಯಂತ್ರದಲ್ಲಿ ಮೊದಲೇ ಇರುವ ಯಾವುದೋ ಕಂಪೈಲರಿನಿಂದ ಜಿಸಿಸಿಯನ್ನು ಒಮ್ಮೆ ಕಟ್ಟುತ್ತಾರೆ. ಹಾಗೆ ಹುಟ್ಟಿದ ಜಿಸಿಸಿಯಿಂದ ಅದೇ ಜಿಸಿಸಿಯನ್ನು ಎರಡನೇ ಸಲ ಕಟ್ಟುತ್ತಾರೆ. ಎರಡನೆಯದರಿಂದ ಮೂರನೆಯದು. ಈಗ ಎರಡನೆಯದೂ ಮೂರನೆಯದೂ ಬೈಟಿಗೆ ಬೈಟು ಒಂದೇ ಆಗಿರಬೇಕು. ಇಲ್ಲದಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ. ಜಿಸಿಸಿಯನ್ನು ತಿದ್ದುವ ಯಾರೇ ಆಗಲಿ, ತಮ್ಮ ತಿದ್ದುಪಡಿ ಕಳಿಸುವ ಮೊದಲು ಈ ಮೂರು ಸುತ್ತು ಹಾಕಿ, ಆಮೇಲೆ ಸಾವಿರಾರು ಪರೀಕ್ಷೆಗಳನ್ನು ಓಡಿಸಿ ನೋಡಬೇಕು. ಒಂದು ಸಾಲು ತಿದ್ದಿದರೂ ಇದೇ ಪ್ರದಕ್ಷಿಣೆ.

1987ರಲ್ಲೇ ಮೈಕೆಲ್ ಟೀಮನ್ ಎಂಬಾತ ಇದಕ್ಕೆ ಸಿ ಪ್ಲಸ್ ಪ್ಲಸ್ ಸೇರಿಸಿದ. 1989ರಲ್ಲಿ ಅವನೂ ಜಾನ್ ಗಿಲ್ಮೋರ್ ಮತ್ತು ಡೇವಿಡ್ ಹೆಂಕೆಲ್-ವಾಲೇಸ್ ಎಂಬ ಇನ್ನಿಬ್ಬರೂ ಸೇರಿ ಸಿಗ್ನಸ್ ಎಂಬ ಕಂಪನಿ ತೆರೆದರು. ಪುಕ್ಕಟೆ ಸಿಗುವ ತಂತ್ರಾಂಶವನ್ನು ನೋಡಿಕೊಳ್ಳುವುದಕ್ಕೆ, ತಿದ್ದುವುದಕ್ಕೆ, ಹೊಸ ಪ್ರೊಸೆಸರುಗಳಿಗೆ ಹೊಂದಿಸುವುದಕ್ಕೆ ದುಡ್ಡು ತಗೊಳ್ಳೋದು ಅವರ ವ್ಯಾಪಾರ. ಅಂದರೆ ಮೇಂಟೆನೆನ್ಸನ್ನೇ ನಂಬಿ ಅಂಗಡಿ ಇಟ್ಟರು! ಜನ ನಕ್ಕಿರಬೇಕು. ಹತ್ತು ವರ್ಷದ ನಂತರ, 1999ರ ನವೆಂಬರಿನಲ್ಲಿ, ರೆಡ್ ಹ್ಯಾಟ್ ಆ ಕಂಪನಿಯನ್ನು ಕೊಳ್ಳುವುದಾಗಿ ಸಾರಿತು. ನಗು ನಿಂತಿತು.

ಇನ್ನು ನಿಜವಾದ ಜಗಳ. ಇದೇ ನನಗೆ ಬಹಳ ಹಿಡಿಸಿದ ಭಾಗ, ಸ್ವಲ್ಪ ನಿಧಾನವಾಗಿ ಹೇಳ್ತೀನಿ.

1990ರ ದಶಕದ ನಡುವಿನ ಹೊತ್ತಿಗೆ ಜಿಸಿಸಿ ಎಲ್ಲ ಕಡೆ ಹಬ್ಬಿತ್ತು. ಲಿನಕ್ಸ್ ಅದರ ಮೇಲೆ ನಿಂತಿತ್ತು. ಆದರೆ ಅಧಿಕೃತ ಜಿಸಿಸಿಯ ಒಳಕ್ಕೆ ಒಂದು ತಿದ್ದುಪಡಿ ಸೇರಬೇಕೆಂದರೆ ಬಾಗಿಲು ಬಹಳ ಕಿರಿದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ರಿಚರ್ಡ್ ಕೆನ್ನರ್ ಆಗಿನ ಮೇಂಟೇನರ್. ಎಲ್ಲ ತಿದ್ದುಪಡಿಗಳೂ ಅವರ ಕಣ್ಣ ಮುಂದೆ ಹಾದುಹೋಗಬೇಕು. 2.7.2 ಎಂಬ ಆವೃತ್ತಿ ಬಂದದ್ದು 1995ರ ನವೆಂಬರಿನಲ್ಲಿ. ಮುಂದಿನ ದೊಡ್ಡ ಆವೃತ್ತಿ 2.8.0 ಬಂದದ್ದು 1998ರ ಜನವರಿಯಲ್ಲಿ. ನಡುವೆ ಎರಡು ವರ್ಷಕ್ಕೂ ಮೀರಿದ ಬರಗಾಲ. ಅದೇ ಕಾಲಕ್ಕೆ ಸಿ ಪ್ಲಸ್ ಪ್ಲಸ್ ಭಾಷೆಯ ಮೊದಲ ಸ್ಟ್ಯಾಂಡರ್ಡ್ ರೂಪುಗೊಳ್ಳುತ್ತಿತ್ತು, ಪೆಂಟಿಯಂ ಬಂದು ಪಿಸಿ ಲೋಕವೇ ಬದಲಾಗಿತ್ತು. ಕಾಯುವ ತಾಳ್ಮೆ ಇಲ್ಲದವರು ತಮ್ಮ ತಮ್ಮ ತಿದ್ದುಪಡಿ ಅಂಟಿಸಿಕೊಂಡು ಪ್ರತ್ಯೇಕ ಜಿಸಿಸಿಗಳನ್ನು ಇಟ್ಟುಕೊಂಡರು. ಪೆಂಟಿಯಂಗೆ ಒಂದು, ಫೋರ್ಟ್ರಾನಿಗೆ ಒಂದು, ಸಿಗ್ನಸ್ಸಿನವರದೇ ಒಂದು... ಒಂದೇ ಮನೆಯ ಅಣ್ಣತಮ್ಮಂದಿರು ಒಂದೊಂದು ಒಲೆ ಹೂಡಿದ ಹಾಗೆ.

1997ರ ಆಗಸ್ಟಿನಲ್ಲಿ ಸಿಗ್ನಸ್ಸಿನ ಕೆಲವರೂ ಹೊರಗಿನ ಹಲವರೂ ಸೇರಿ, "ಇನ್ನು ಸಾಕು, ಈ ಒಲೆಗಳನ್ನೆಲ್ಲ ಒಂದು ಮಾಡೋಣ" ಅಂತ ಹೊರಟರು. ಅದಕ್ಕೆ ಇಜಿಸಿಎಸ್ ಅಂತ ಹೆಸರು. ಅಧಿಕೃತ ಜಿಸಿಸಿಯ ಒಂದು ಪ್ರತಿಯನ್ನು ತಗೊಂಡು, ಅದಕ್ಕೆ ಫೋರ್ಟ್ರಾನನ್ನೂ ಪೆಂಟಿಯಂ ಕೆಲಸವನ್ನೂ ಸಿ ಪ್ಲಸ್ ಪ್ಲಸ್ ಸುಧಾರಣೆಗಳನ್ನೂ ಸೇರಿಸಿದರು. ಬಾಗಿಲು ತೆರೆದಿಟ್ಟರು. ಡಿಸೆಂಬರಿನಲ್ಲೇ 1.0 ಹೊರಬಂತು. ಆ ವರ್ಷದ ಮೇ ತಿಂಗಳಿನಲ್ಲಷ್ಟೇ ಎರಿಕ್ ರೇಮಂಡ್ ತನ್ನ ಪ್ರಸಿದ್ಧ "ಕೆಥೀಡ್ರಲ್ ಮತ್ತು ಬಜಾರ್" ಪ್ರಬಂಧವನ್ನು ಮಂಡಿಸಿದ್ದ. ಅದರಲ್ಲಿ ಮುಚ್ಚಿದ ಬಾಗಿಲಿನ ಕೆಥೀಡ್ರಲ್ಲಿಗೆ ಉದಾಹರಣೆಯಾಗಿ ಬೈಸಿಕೊಂಡವರಲ್ಲಿ ನಮ್ಮ ಜಿಸಿಸಿಯೂ ಒಬ್ಬ.

ಈ ಕಥೆ ಹೇಳುವವರೆಲ್ಲ ಸಾಮಾನ್ಯವಾಗಿ ಕೆನ್ನರ್ ಅವರನ್ನು ಖಳನಾಯಕ ಮಾಡಿಬಿಡುತ್ತಾರೆ. ಮೂರು ತಿಂಗಳು ಮೇಂಟೆನೆನ್ಸ್ ಮಾಡಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಕಂಪೈಲರಿನಲ್ಲಿ ತಪ್ಪಿದ್ದರೆ ಅದರಿಂದ ಕಟ್ಟಿದ ಪ್ರತಿಯೊಂದು ಪ್ರೋಗ್ರಾಮಿಗೂ ಅದು ಸೋರುತ್ತದೆ, ಮತ್ತು ಬರೆದವನಿಗೆ ತನ್ನ ಸಾಲುಗಳಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ಅಂಥ ವಸ್ತುವಿಗೆ ಕಾವಲು ನಿಂತವನು "ಬೇಡ", "ಇನ್ನೊಮ್ಮೆ ನೋಡೋಣ" ಅನ್ನೋದು ಸಹಜ. ಅವರ ಎಚ್ಚರಿಕೆ ತಪ್ಪಲ್ಲ. ಒಬ್ಬ ಮನುಷ್ಯನ ಎಚ್ಚರಿಕೆಗೆ ಅಷ್ಟು ದೊಡ್ಡ ಊರು ಕಾಯುವುದು ಆಗದ ಮಾತು, ಅಷ್ಟೇ.

ಇಜಿಸಿಎಸ್‌ನವರಿಗೂ ದಾರಿ ಸುಗಮವಿರಲಿಲ್ಲ. ಲಿನಕ್ಸಿನ 2.0 ಸರಣಿಯ ಕರ್ನೆಲ್ಲನ್ನು ಇಜಿಸಿಎಸ್‌ನಲ್ಲಿ ಕಟ್ಟಿದರೆ ಅದು ಸರಿಯಾಗಿ ಓಡುತ್ತಿರಲಿಲ್ಲ. ಕರ್ನೆಲ್ಲಿನಲ್ಲಿ ಅಲ್ಲಲ್ಲಿ ಬರೆದಿದ್ದ ಅಸೆಂಬ್ಲಿ ತುಣುಕುಗಳಲ್ಲೇ ತಪ್ಪುಗಳಿದ್ದವು. ಹಳೇ ಕಂಪೈಲರ್ ಅಷ್ಟು ಚುರುಕಿಲ್ಲದ್ದರಿಂದ ಅವು ಮುಚ್ಚಿಹೋಗಿದ್ದವು. ಹೊಸದು ಚುರುಕಾಯಿತು, ಹುಳುಕು ಹೊರಬಿತ್ತು. ಆದರೆ ಬಳಸುವವರಿಗೆ ಕಾಣುವುದು "ನಿನ್ನೆ ನಡೀತಿತ್ತು, ಇವತ್ತು ನಡೀತಿಲ್ಲ" ಅನ್ನೋದು ಮಾತ್ರ. ಈ ವಾಕ್ಯವನ್ನು ನಾನೀಗ ದಿನಕ್ಕೆ ನಾಲ್ಕು ಸಲ ಕೇಳುತ್ತೇನೆ.

ಸಾಮಾನ್ಯವಾಗಿ ಇಂಥ ಜಗಳಗಳು ಮನೆ ಪಾಲಾಗುವುದರಲ್ಲಿ ಮುಗಿಯುತ್ತವೆ. ಇದು ಹಾಗೆ ಮುಗಿಯಲಿಲ್ಲ. 1999ರ ಏಪ್ರಿಲಿನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ತನ್ನದೇ ಜಿಸಿಸಿಯ ಕೆಲಸ ನಿಲ್ಲಿಸಿ, ಇಜಿಸಿಎಸ್‌ ಅನ್ನೇ ಅಧಿಕೃತ ಜಿಸಿಸಿ ಎಂದು ಒಪ್ಪಿಕೊಂಡಿತು. ಬಂಡಾಯ ಎದ್ದವರಿಗೇ ಮನೆಯ ಬೀಗದಕೈ ಕೊಟ್ಟ ಹಾಗಾಯಿತು. ಒಬ್ಬನೇ ಯಜಮಾನನ ಬದಲು ಸ್ಟೀರಿಂಗ್ ಕಮಿಟಿ ಎಂಬ ಪಂಚಾಯ್ತಿ. ಜುಲೈಯಲ್ಲಿ 2.95 ಬಂತು, ಹೆಸರಿನ ಅರ್ಥವೂ ಬದಲಾಯಿತು: "ಗ್ನೂ ಕಂಪೈಲರ್ ಕಲೆಕ್ಷನ್". ಅಕ್ಷರಗಳು ಮೂರೂ ಹಾಗೇ ಉಳಿದವು, ಬೋರ್ಡು ಬದಲಿಸುವ ಖರ್ಚು ಉಳಿಯಿತು!

ಪಂಚಾಯ್ತಿ ಬಂದ ಮೇಲೂ ಜಗಳ ನಿಂತಿತೇ? ಇಲ್ಲ. 2000ದ ಸೆಪ್ಟೆಂಬರಿನಲ್ಲಿ ರೆಡ್ ಹ್ಯಾಟ್ ತನ್ನ ಲಿನಕ್ಸ್ 7ರ ಜೊತೆ "ಜಿಸಿಸಿ 2.96" ಅನ್ನು ಕೊಟ್ಟಿತು. ಅಂಥದ್ದೊಂದು ಆವೃತ್ತಿಯನ್ನು ಜಿಸಿಸಿಯವರು ಹೊರತಂದೇ ಇರಲಿಲ್ಲ! ಇನ್ನೂ ಕೆಲಸ ನಡೆಯುತ್ತಿದ್ದ ಮರವನ್ನು ಅರ್ಧಕ್ಕೇ ಕಡಿದು ಬಾಗಿಲು ಮಾಡಿದ್ದರು. ಕಮಿಟಿ ಅಕ್ಟೋಬರಿನಲ್ಲಿ ಹೇಳಿಕೆ ಕೊಟ್ಟು, ಇದು ನಮ್ಮದಲ್ಲ, ಇದರಲ್ಲಿ ಕಟ್ಟಿದ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮುಗಳು ಹಿಂದಿನದಕ್ಕೂ ಹೊಂದುವುದಿಲ್ಲ, ಮುಂದಿನದಕ್ಕೂ ಹೊಂದುವುದಿಲ್ಲ ಅಂತ ಸ್ಪಷ್ಟಪಡಿಸಬೇಕಾಯಿತು. ಎಂಪ್ಲೇಯರ್ ಎಂಬ ವಿಡಿಯೋ ತಂತ್ರಾಂಶದವರಂತೂ 2.96 ಕಂಡರೆ ಕಟ್ಟುವುದನ್ನೇ ನಿಲ್ಲಿಸುವ ಹಾಗೆ ಮಾಡಿಟ್ಟಿದ್ದರು. 2001ರ ಜೂನಿನಲ್ಲಿ 3.0 ಬಂದ ಮೇಲೆ ಗಲಾಟೆ ತಣ್ಣಗಾಯಿತು.

ಅದೇ ಕಾಲಕ್ಕೆ ನಮ್ಮ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಸಿದ್ಧವಾಗುತ್ತಿತ್ತು, ನೆನಪಿದೆಯಾ? ಭಾರತೀಯ ವಿಜ್ಞಾನ ಸಂಸ್ಥೆಯವರೂ ಎನ್ಕೋರ್‌ನವರೂ ಸೇರಿ ರೂಪಿಸಿದ, ಅಂಗೈ ಅಗಲದ ಬಡವರ ಕಂಪ್ಯೂಟರು. ಒಳಗೆ ಸ್ಟ್ರಾಂಗ್‌ಆರ್ಮ್ ಪ್ರೊಸೆಸರು, ಲಿನಕ್ಸು. ಆಗ ಲಿನಕ್ಸ್ ಕರ್ನೆಲ್ ಕಟ್ಟಲು ಜಿಸಿಸಿ ಬಿಟ್ಟರೆ ಗತಿಯಿರಲಿಲ್ಲ. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ಅದು ಬೇರೆಯೇ ದುಃಖದ ಕಥೆ. ಆದರೆ ಬಡ ದೇಶದ ಒಂದು ಗುಂಪು ಕಂಪೈಲರಿಗೆ ಪೈಸೆ ಕೊಡದೆ ಹೊಸ ಯಂತ್ರ ಕಟ್ಟಲು ಕೂರಬಹುದಿತ್ತು ಅನ್ನೋದು ಸಣ್ಣ ಮಾತಲ್ಲ. ಮುಂದೆ ಮುಂಬೈ ಐಐಟಿಯಲ್ಲಿ ಉದಯ್ ಖೇಡ್ಕರ್ ಅವರ ಮುಂದಾಳತ್ವದಲ್ಲಿ ಜಿಸಿಸಿಯ ಒಳಗನ್ನು ಕಲಿಸಲೆಂದೇ ಒಂದು ಕೇಂದ್ರ ನಡೆಯಿತು.

ಹೊಸ ಹೆಂಚು ಹಾಕುವುದು ಬೇರೆ, ತೊಲೆ ಬದಲಿಸುವುದು ಬೇರೆ. ಜಿಸಿಸಿಯ ತೊಲೆ ಬದಲಿಸಿದ್ದು 2004-05ರಲ್ಲಿ. ಅಲ್ಲಿಯವರೆಗೆ ಅದು ಪ್ರೋಗ್ರಾಮನ್ನು ಬಹುಬೇಗ ಯಂತ್ರಕ್ಕೆ ಹತ್ತಿರದ ಒಂದು ರೂಪಕ್ಕೆ ಇಳಿಸಿಬಿಡುತ್ತಿತ್ತು. ಆ ಹಂತದಲ್ಲಿ ಸುಧಾರಣೆ ಮಾಡಲು ಹೋದರೆ ಬರೆದವನ ಮೂಲ ಉದ್ದೇಶ ಆಗಲೇ ಪುಡಿಯಾಗಿರುತ್ತಿತ್ತು. ರೆಡ್ ಹ್ಯಾಟಿನ ಡಿಯಾಗೋ ನೊವಿಲ್ಲೋ ಮೊದಲಾದವರು ನಡುವೆ ಇನ್ನೊಂದು ಮೆಟ್ಟಿಲನ್ನು ತಂದರು. ಜಿಂಪಲ್ ಅಂತ ಅದರ ಹೆಸರು. ಪ್ರತಿ ಮೌಲ್ಯಕ್ಕೂ ಒಂದೇ ಸಲ ಹೆಸರಿಡುವ ಎಸ್ಎಸ್ಎ ಎಂಬ ಪದ್ಧತಿಯಲ್ಲಿ ಬರೆದರೆ ಯಾವ ಲೆಕ್ಕ ಬೇಕು, ಯಾವುದು ದಂಡ ಅನ್ನೋದು ಕಂಪೈಲರಿಗೆ ಸಲೀಸಾಗಿ ಕಾಣುತ್ತದೆ. ಈ ಕೆಲಸ ಬೇರೆಯೇ ಕವಲಿನಲ್ಲಿ ನಡೆದು, 2004ರ ಮೇಯಲ್ಲಿ ಮುಖ್ಯ ಮರಕ್ಕೆ ಸೇರಿ, 2005ರ ಏಪ್ರಿಲಿನಲ್ಲಿ 4.0 ಆಗಿ ಬಂತು. ಜನ ಮನೆಯೊಳಗೆ ಸಂಸಾರ ಮಾಡಿಕೊಂಡಿರುವಾಗಲೇ ತೊಲೆ ಬದಲಿಸಿದರು ಅನ್ನಿ.

ಚುರುಕು ಹೆಚ್ಚಾದಷ್ಟೂ ಅಪಾಯವೂ ಹೆಚ್ಚು. 2009ರಲ್ಲಿ ಲಿನಕ್ಸ್ ಕರ್ನೆಲ್ಲಿನಲ್ಲಿ ಒಂದು ಭದ್ರತಾ ರಂಧ್ರ ಸಿಕ್ಕಿತು. ಯಾರೋ ಒಬ್ಬರು ಒಂದು ಪಾಯಿಂಟರನ್ನು ಮೊದಲು ಬಳಸಿ, ಆಮೇಲೆ "ಇದು ಖಾಲಿಯಾ?" ಅಂತ ಪರೀಕ್ಷೆ ಬರೆದಿದ್ದರು. ಜಿಸಿಸಿ ತರ್ಕ ಮಾಡಿತು: ಖಾಲಿ ಪಾಯಿಂಟರನ್ನು ಬಳಸುವಂತಿಲ್ಲ, ಇವನು ಬಳಸಿದ್ದಾನೆ, ಆದ್ದರಿಂದ ಇದು ಖಾಲಿಯಲ್ಲ, ಆದ್ದರಿಂದ ಪರೀಕ್ಷೆ ದಂಡ. ಕಿತ್ತುಹಾಕಿತು! ಭಾಷೆಯ ನಿಯಮದ ಪ್ರಕಾರ ಜಿಸಿಸಿಯದು ಸರಿ. ಆದರೆ ಆ ಕಿತ್ತ ಜಾಗದಿಂದ ಕಳ್ಳ ನುಗ್ಗಬಹುದಿತ್ತು. ಕೊನೆಗೆ ಕರ್ನೆಲ್ಲಿನವರು "ಇಂಥ ಪರೀಕ್ಷೆಗಳನ್ನು ಕೀಳಬೇಡ" ಎಂಬ ಆಯ್ಕೆಯನ್ನೇ ಹಾಕಿಕೊಂಡು ಕಟ್ಟತೊಡಗಿದರು. ನಿಯಮ ಓದಿದವನು ಸರಿಯೋ, ಉದ್ದೇಶ ಊಹಿಸುವವನು ಸರಿಯೋ ಅನ್ನೋ ಜಗಳಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಇನ್ನು ಪ್ರತಿಸ್ಪರ್ಧಿಯ ಮಾತು. ಕ್ರಿಸ್ ಲ್ಯಾಟ್ನರ್ ಎಂಬ ವಿದ್ಯಾರ್ಥಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎಲ್ಎಲ್‌ವಿಎಂ ಎಂಬುದನ್ನು ಕಟ್ಟಿದ. 2003ರಲ್ಲಿ ಅದರ ಮೊದಲ ಬಿಡುಗಡೆ. 2005ರ ನವೆಂಬರಿನಲ್ಲಿ ಅವನೇ ಜಿಸಿಸಿಯವರಿಗೆ ಬರೆದು, ನನ್ನದನ್ನು ನಿಮ್ಮದರೊಳಗೆ ಸೇರಿಸಬಹುದು, ಹಕ್ಕುಗಳನ್ನೂ ಫೌಂಡೇಶನ್ನಿಗೆ ಬರೆದುಕೊಡಬಹುದು ಅಂದ. ಜಿಸಿಸಿಯವರು ಒಂದಷ್ಟು ಚರ್ಚಿಸಿದರು, ಮುಂದುವರಿಯಲಿಲ್ಲ. ಆ ಪತ್ರ ಸ್ಟಾಲ್‌ಮನ್‌ನ ಕಣ್ಣಿಗೆ ಬಿದ್ದಿರಲೇ ಇಲ್ಲ! ಹತ್ತು ವರ್ಷದ ಮೇಲೆ, 2015ರಲ್ಲಿ, ಬೇರೆ ಯಾರೋ ತೋರಿಸಿದಾಗ, ಆಗಲೇ ತಿಳಿದಿದ್ದರೆ ಚೆನ್ನಾಗಿತ್ತಲ್ಲ ಅಂತ ಅವನು ಪೇಚಾಡಿಕೊಂಡ. ಒಂದು ಈಮೇಲ್ ಕಣ್ತಪ್ಪಿದ್ದಕ್ಕೆ ಇಷ್ಟು ದೊಡ್ಡ ಬೆಲೆ ತೆತ್ತವರು ಬೇರೆ ಯಾರಿದ್ದಾರೋ. ಅಷ್ಟರಲ್ಲಿ ಆ್ಯಪಲ್ ಕಂಪನಿ ಲ್ಯಾಟ್ನರನನ್ನು ಸೇರಿಸಿಕೊಂಡು, ಕ್ಲ್ಯಾಂಗ್ ಎಂಬ ಹೊಸ ಕಂಪೈಲರನ್ನು 2007ರಲ್ಲಿ ಬಿಡುಗಡೆ ಮಾಡಿತ್ತು. ಅದೇ ವರ್ಷ ಜಿಸಿಸಿ ಮೂರನೇ ಆವೃತ್ತಿಯ ಜಿಪಿಎಲ್ ಪರವಾನಗಿಗೆ ಬದಲಾದದ್ದೂ ಆ್ಯಪಲ್‌ಗೆ ಹಿಡಿಸಲಿಲ್ಲ. 2014ರ ಜನವರಿಯ ಫ್ರೀಬಿಎಸ್‌ಡಿ 10ರಲ್ಲಿ ಕ್ಲ್ಯಾಂಗೇ ಮನೆಯ ಮಗ, ಜಿಸಿಸಿ ಹೊರಗಿನವನು.

ಜಿಸಿಸಿಯ ಕಷ್ಟಕ್ಕೆ ಅದರ ತತ್ತ್ವವೂ ಒಂದು ಕಾರಣ. ಯಾರಾದರೂ ಜಿಸಿಸಿಯ ಅರ್ಧ ಭಾಗವನ್ನು ಬಳಸಿ ಮಿಕ್ಕರ್ಧ ಮುಚ್ಚಿದ ತಂತ್ರಾಂಶ ಮಾಡಿಕೊಂಡಾರು ಎಂಬ ಭಯ ಸ್ಟಾಲ್‌ಮನ್‌ಗೆ. ಭಯಕ್ಕೆ ಕಾರಣವಿತ್ತು: ಸ್ಟೀವ್ ಜಾಬ್ಸ್‌ನ ನೆಕ್ಸ್ಟ್ ಕಂಪನಿ ತನ್ನ ಆಬ್ಜೆಕ್ಟಿವ್ ಸಿ ಭಾಗವನ್ನು ಹಾಗೆ ಮುಚ್ಚಿಡಲು ನೋಡಿ, ಪರವಾನಗಿಗೆ ಮಣಿದು ಕೊನೆಗೆ ಬಿಟ್ಟುಕೊಟ್ಟಿತ್ತು. ಅದಕ್ಕೇ ಜಿಸಿಸಿಯ ಕೋಣೆಗಳ ನಡುವೆ ಬಾಗಿಲುಗಳನ್ನೇ ಇಡದೆ ಬಹಳ ಕಾಲ ಕಳೆದರು. 2009ರ ಜನವರಿಯಲ್ಲಿ ಪರವಾನಗಿಯ ಮಾತುಗಳನ್ನು ತಿದ್ದಿಕೊಂಡ ಮೇಲಷ್ಟೇ, 2010ರ 4.5ರಲ್ಲಿ ಪ್ಲಗಿನ್‌ಗಳಿಗೆ ಜಾಗವಾಯಿತು. ಸ್ಟಾಲ್‌ಮನ್ ಹಟ ಹಿಡಿಯದಿದ್ದರೆ ಆಬ್ಜೆಕ್ಟಿವ್ ಸಿ ಸಿಗುತ್ತಿರಲಿಲ್ಲ, ಹಟ ಸಡಿಲಿಸದಿದ್ದರೆ ಹೊಸಬರು ಯಾರೂ ಹತ್ತಿರ ಬರುತ್ತಿರಲಿಲ್ಲ. ಎರಡೂ ನಿಜ.

ಸ್ಪರ್ಧೆ ಬಂದದ್ದು ಜಿಸಿಸಿಗೆ ಒಳ್ಳೆಯದೇ ಆಯಿತು ಅಂತ ನನ್ನ ಅನಿಸಿಕೆ. ಕ್ಲ್ಯಾಂಗಿನ ದೋಷಸೂಚನೆಗಳು ಬಣ್ಣಬಣ್ಣವಾಗಿ, ತಪ್ಪಿದ ಅಕ್ಷರದ ಕೆಳಗೇ ಬೆರಳಿಟ್ಟು ತೋರಿಸುತ್ತಿದ್ದವು. ಜಿಸಿಸಿಯೂ ಸೋಮಾರಿತನ ಬಿಟ್ಟು ಅದನ್ನು ಕಲಿಯಿತು. ಸಿ ಭಾಷೆಯಲ್ಲೇ ಬರೆದಿದ್ದ ತನ್ನ ಒಡಲನ್ನು ಸಿ ಪ್ಲಸ್ ಪ್ಲಸ್‌ಗೆ ಬದಲಿಸಿಕೊಂಡಿತು, 2013ರ 4.8ರಿಂದ ಜಿಸಿಸಿ ಕಟ್ಟಲು ಸಿ ಪ್ಲಸ್ ಪ್ಲಸ್ ಕಂಪೈಲರೇ ಬೇಕು. 2021ರ ಜೂನಿನಲ್ಲಿ ಇನ್ನೊಂದು ದೊಡ್ಡ ಕಟ್ಟು ಸಡಿಲವಾಯಿತು. ಅಲ್ಲಿಯವರೆಗೆ ಗಣನೀಯ ತಿದ್ದುಪಡಿ ಕೊಡುವವರು ಅದರ ಹಕ್ಕನ್ನು ಫೌಂಡೇಶನ್ನಿಗೆ ಬರೆದುಕೊಡಬೇಕಿತ್ತು. ನಮ್ಮಂಥ ನೌಕರರಾದರೆ ಕಂಪನಿಯಿಂದಲೂ ಸಹಿ ಬೇಕು. ರಜೆ ಅರ್ಜಿಗೇ ಮೂರು ಜನರ ಒಪ್ಪಿಗೆ ಬೇಕಾದ ಕಡೆ ಲೀಗಲ್ ವಿಭಾಗದಿಂದ ಅಂಥ ಕಾಗದ ತರುವುದನ್ನು ಊಹಿಸಿಕೊಳ್ಳಿ! ಈಗ ಅದು ಕಡ್ಡಾಯವಲ್ಲ, ನಾನು ಕೊಡುತ್ತಿರುವುದು ಕೊಡಲು ನನಗೆ ಹಕ್ಕಿದೆ ಅಂತ ಒಂದು ಸಾಲು ಬರೆದರೂ ನಡೆಯುತ್ತದೆ.

ದಿನನಿತ್ಯದ ಕೆಲಸ ಹೇಗಿರುತ್ತದೆ ಅನ್ನೋದಕ್ಕೆ ಒಂದೇ ಒಂದು ಬಗ್ಗಿನ ಕಥೆ ಹೇಳುತ್ತೇನೆ. ಅದರ ಸಂಖ್ಯೆ 323. 2000ದಲ್ಲಿ ದಾಖಲಾದದ್ದು. ಹಳೇ ಇಂಟೆಲ್ ಪ್ರೊಸೆಸರುಗಳ ದಶಮಾಂಶ ಲೆಕ್ಕದ ಘಟಕ ಒಳಗೊಳಗೆ 80 ಬಿಟ್ಟುಗಳಲ್ಲಿ ಲೆಕ್ಕ ಮಾಡುತ್ತದೆ, ಮೆಮೊರಿಗೆ ಹಾಕುವಾಗ 64ಕ್ಕೆ ಕತ್ತರಿಸುತ್ತದೆ. ಹಾಗಾಗಿ ಒಂದೇ ಲೆಕ್ಕವನ್ನು ಎರಡು ಸಲ ಮಾಡಿ ಹೋಲಿಸಿದರೆ ಕೆಲವೊಮ್ಮೆ "ಸಮವಲ್ಲ" ಅನ್ನುತ್ತಿತ್ತು! ದಿನಸಿ ಅಂಗಡಿಯವನು ತೂಕ ಮಾಡಿದ್ದು ಒಂದು, ಚೀಟಿಯಲ್ಲಿ ಬರೆದದ್ದು ಒಂದು ಅನ್ನೋ ಹಾಗೆ. ವರ್ಷಾವರ್ಷ ಹೊಸಬರು ಬಂದು ಇದನ್ನೇ ಹೊಸದಾಗಿ ಕಂಡುಹಿಡಿದು ದೂರು ಕೊಡುತ್ತಿದ್ದರು. ಪ್ರತಿ ಸಲವೂ ಯಾರೋ ಒಬ್ಬರು ತಾಳ್ಮೆಯಿಂದ "ಇದು 323ರ ನಕಲು" ಅಂತ ಬರೆದು ಮುಚ್ಚುತ್ತಿದ್ದರು. ಇಂಥ ನಕಲುಗಳು ನೂರರ ಲೆಕ್ಕದಲ್ಲಿವೆ. ಸಿ ಭಾಷೆಗೆ ಇದರ ಪರಿಹಾರದ ಆಯ್ಕೆ ಬಂದದ್ದು 2010ರ 4.5ರಲ್ಲಿ. ಸಿ ಪ್ಲಸ್ ಪ್ಲಸ್‌ಗೆ ಬಂದದ್ದು 2023ರ ಜಿಸಿಸಿ 13ರಲ್ಲಿ! ಅಷ್ಟರಲ್ಲಿ ಆ ಬಗೆಯ ಲೆಕ್ಕದ ಘಟಕವನ್ನು ಬಳಸುವವರೇ ವಿರಳವಾಗಿದ್ದರು. ಆದರೂ ಯಾರೋ ಕೂತು ಮಾಡಿದರು.

ಅಜ್ಜನ ಮನೆಯಲ್ಲಿ ಮಳೆಗಾಲದ ಮುಂಚೆ ಹೆಂಚು ಕೈಯಾಡಿಸುವುದು ಅಂತ ಒಂದು ಕೆಲಸವಿತ್ತು. ಮಾಡು ಹತ್ತಿ, ಒಂದೊಂದೇ ಹೆಂಚು ತೆಗೆದು, ಒಡೆದದ್ದು ಬದಲಿಸಿ, ಕಸ ಗುಡಿಸಿ, ಮತ್ತೆ ಜೋಡಿಸುವುದು. ಜಿಸಿಸಿಯ ಕ್ಯಾಲೆಂಡರೂ ಅದೇ! ವರ್ಷಕ್ಕೊಂದು ದೊಡ್ಡ ಆವೃತ್ತಿ, ಏಪ್ರಿಲ್-ಮೇಯಲ್ಲಿ. ಮೊದಲ ಕೆಲವು ತಿಂಗಳು ಹೊಸ ವಿಷಯಗಳಿಗೆ ಬಾಗಿಲು ತೆರೆದಿರುತ್ತದೆ. ಚಳಿಗಾಲ ಬಂದಂತೆ ಬರೀ ದುರಸ್ತಿ. ಆಮೇಲೆ "ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದು ಈಗ ಕೆಟ್ಟದ್ದು" ಮಾತ್ರ. ಅಂಥವುಗಳಲ್ಲಿ ಅತಿ ಮುಖ್ಯ ಎಂದು ಗುರುತಿಸಿದ್ದು ಸೊನ್ನೆಯಾಗುವವರೆಗೆ ಬಿಡುಗಡೆ ಇಲ್ಲ. 2019ರ ಹೊತ್ತಿಗೆ ಸುಮಾರು ಒಂದೂವರೆ ಕೋಟಿ ಸಾಲುಗಳ ಮಾಡು ಅದು.

ಕೊನೆಗೆ, ನಮ್ಮ ಕನ್ನಡದ ಹೆಂಚೂ ಅದರಲ್ಲಿ ಒಂದಿದೆ. 1999ರ ಸಿ ಸ್ಟ್ಯಾಂಡರ್ಡಿನಲ್ಲಿ, ಪ್ರೋಗ್ರಾಮಿನ ಹೆಸರುಗಳಲ್ಲಿ ಬಳಸಬಹುದಾದ ಲಿಪಿಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಜಿಸಿಸಿಯಲ್ಲಿ ಬಹಳ ಕಾಲ ಅಕ್ಷರಕ್ಕೆ ಬದಲು ಅದರ ಯೂನಿಕೋಡ್ ಸಂಖ್ಯೆಯನ್ನು ಬರೆಯಬೇಕಿತ್ತು. "ಮೊತ್ತ" ಅನ್ನಲು ಒಂದು ಸಾಲು ಅಂಕೆ! ನೇರವಾಗಿ ಅಕ್ಷರವನ್ನೇ ಟೈಪಿಸಲು ಆದದ್ದು 2020ರ ಮೇಯಲ್ಲಿ ಬಂದ ಜಿಸಿಸಿ 10ರಿಂದ. ಸ್ಟ್ಯಾಂಡರ್ಡ್ ಬಂದು ಇಪ್ಪತ್ತು ವರ್ಷದ ಮೇಲೆ. ಅದರಲ್ಲೂ ಕೊಕ್ಕೆ ಇಲ್ಲದಿಲ್ಲ. "ರಾಜ್‌ಕುಮಾರ್" ಅಂತ ಬಿಡಿಸಿ ಬರೆಯಲು ನಾವು ನಡುವೆ ಹಾಕುವ ಕಾಣದ ಅಕ್ಷರಕ್ಕೆ ಸಿ ಪ್ಲಸ್ ಪ್ಲಸ್‌ನ ಹೊಸ ನಿಯಮದಲ್ಲಿ ಜಾಗವಿಲ್ಲ. 2022ರ ಜಿಸಿಸಿ 12ರಲ್ಲಿ ಆ ನಿಯಮವೂ ಸೇರಿತು. ಅಣ್ಣಾವ್ರಿಗೂ ಪ್ರವೇಶವಿಲ್ಲ ನೋಡಿ :-(

ನಿನ್ನೆ ರಾತ್ರಿ ಕೂತು ಪರೀಕ್ಷಿಸಿದೆ. ಒಂದು ಸಣ್ಣ ಸಿ ಪ್ರೋಗ್ರಾಮಿನಲ್ಲಿ "ಮೊತ್ತ", "ಸಾಲ", "ಬಡ್ಡಿ" ಅಂತ ಹೆಸರಿಟ್ಟು ಕಟ್ಟಿದೆ. ಒಂದು ಕಡೆ ಬೇರೆ ಕಡತದಿಂದ "ಮೊತ್ತ"ವನ್ನು ಎತ್ತಿ ಅಂಟಿಸಿದ್ದೆ. ಜಿಸಿಸಿ ಒಪ್ಪಲಿಲ್ಲ, ಈ ಹೆಸರನ್ನು ಎಲ್ಲೂ ಘೋಷಿಸಿಲ್ಲ ಅಂತ ಎರರ್. ಕಣ್ಣಿಗೆ ಎರಡೂ ಒಂದೇ. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತ್ತು, ಈ ಹೆಸರು ಯೂನಿಕೋಡಿನ ನಿಯತ ರೂಪದಲ್ಲಿಲ್ಲ ಅಂತ. ಬೈಟುಗಳನ್ನು ಬಿಡಿಸಿ ನೋಡಿದರೆ, ಒಂದರಲ್ಲಿ ಒತ್ವ ಒಂದೇ ಸಂಕೇತ, ಅಂಟಿಸಿದ್ದರಲ್ಲಿ ಎತ್ವ ಬೇರೆ, ಊತ್ವದ ಕೊಂಬು ಬೇರೆ, ಎರಡು ಸಂಕೇತ. ಅಮೆರಿಕದಲ್ಲೋ ಯುರೋಪಿನಲ್ಲೋ ಕೂತ, ಕನ್ನಡ ಬಾರದ ಯಾರೋ ಒಬ್ಬ ಮೇಂಟೇನರ್ ಇದನ್ನೂ ಮೊದಲೇ ಯೋಚಿಸಿ ಇಟ್ಟಿದ್ದ. ತಿದ್ದಿದೆ, ಸರಿಹೋಯಿತು.

ನಾಳೆ ಸೋಮವಾರ. ನನ್ನ ಹಳೇ ಪ್ರಾಜೆಕ್ಟಿನಲ್ಲಿ ಹದಿನಾಲ್ಕು ಟಿಕೆಟ್ಟುಗಳು ಕಾಯುತ್ತಿವೆ.